ಏರ್ ಪಿಸ್ತೂಲ್ ಗ್ರೂಪ್ ಹರಡುತ್ತಿದೆ: ಪೆಲೆಟ್ಟೋ, ಪಿಸ್ತೂಲೋ, ಮಗಳ ಕೈಯೋ?

ಕ್ಯಾತಸಂದ್ರ ಲೇತ್:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು. ಅಂತರಸನಹಳ್ಳಿ ಕಡೆ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇಟ್ಟಿದ್ದೇನೆ. ಮನೆ ಕ್ಯಾತಸಂದ್ರದಲ್ಲಿ. ಮಗಳು ಹತ್ತನೇ ಕ್ಲಾಸು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದಾಗ ಟಿವಿ ಮುಂದೆ ಕೂತಿದ್ದವಳು, ನಾನೂ ಇದನ್ನೇ ಕಲಿಯುತ್ತೇನೆ ಅಂತ ಹಟ ಹಿಡಿದಳು. ಆಗಿನಿಂದ 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಿದ್ದಾಳೆ. ಭಾನುವಾರ ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಕೋಚ್ ಇದ್ದಾರೆ. ಉಳಿದ ದಿನ ಮನೆಯಲ್ಲೇ ಅಭ್ಯಾಸ.

ಮನೆಯಲ್ಲಿ ಹೇಗೆ ಮಾಡಿದ್ದೇನೆ ಅಂತ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ. ನಮ್ಮದು 30×40 ಸೈಟು. ಹಾಲ್‌ನ ಮುಂದಿನ ಗೋಡೆಯಿಂದ ಹಿಂದಿನ ಬಟ್ಟೆ ಒಗೆಯುವ ಜಾಗದ ತನಕ ನೇರವಾಗಿ 36 ಅಡಿ ಸಿಗುತ್ತದೆ. ಟೇಪ್ ಹಿಡಿದು ಸರಿಯಾಗಿ 10 ಮೀಟರ್‌ಗೆ ನೆಲದ ಮೇಲೆ ಗೆರೆ ಹಾಕಿದ್ದೇನೆ. ಗುರಿಯ ಕಾರ್ಡಿನ ನಡುಭಾಗ ನೆಲದಿಂದ 1.40 ಮೀಟರ್ ಎತ್ತರ. ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಬೀಳುವ ಡಬ್ಬ ನಾನೇ ವೆಲ್ಡ್ ಮಾಡಿದ್ದು. ಒಳಗೆ 4 ಮಿಮೀ ಕಬ್ಬಿಣದ ಶೀಟು ಓರೆಯಾಗಿ, ಅದರ ಮೇಲೆ ದಪ್ಪಗೆ ಪುಟ್ಟಿ. ಹಿಂದೆ ಕಾಂಕ್ರೀಟ್ ಬ್ಲಾಕಿನ ಗೋಡೆ. ಹೊಡೆಯುವಾಗ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ. ಅಡುಗೆಮನೆಯಿಂದ ಯಾರೂ ಆ ಕಡೆ ದಾಟುವಂತಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು.

ಪಿಸ್ತೂಲ್ ಸೆಕೆಂಡ್ ಹ್ಯಾಂಡ್. ಜರ್ಮನಿಯದು, ಸಿಲಿಂಡರ್‌ಗೆ ಗಾಳಿ ತುಂಬುವ ಥರದ್ದು. ಆಟ ಬಿಟ್ಟ ಹಿರಿಯರೊಬ್ಬರಿಂದ ತೆಗೆದುಕೊಂಡೆ. ಜೊತೆಗೆ ಎರಡು ಸಿಲಿಂಡರ್ ಕೊಟ್ಟರು. ಕೈಪಂಪಿನಲ್ಲಿ ತುಂಬುತ್ತೇವೆ.

ಈಗ ಸಮಸ್ಯೆಗೆ ಬರುತ್ತೇನೆ. ಹೋದ ತಿಂಗಳ ತನಕ 60 ಶಾಟಿಗೆ, ಒಂದಕ್ಕೆ ಹೆಚ್ಚೆಂದರೆ ಹತ್ತರ ಲೆಕ್ಕದಲ್ಲಿ, 545ರಿಂದ 552 ಅಂಕ ಬರುತ್ತಿತ್ತು. ಮೂರು ವಾರದ ಹಿಂದೆ ಪೆಲೆಟ್ ಖಾಲಿಯಾಗುತ್ತಾ ಬಂತು ಅಂತ ಹೊಸ ಡಬ್ಬಿ ತರಿಸಿದೆ. ಅದೇ ಕಂಪನಿ, ಅದೇ ಬಣ್ಣದ ಡಬ್ಬಿ. ಅಲ್ಲಿಂದ 541, 538, ಮತ್ತೆ 538. ಗ್ರೂಪ್, ಅಂದರೆ ಕಾರ್ಡಿನ ಮೇಲೆ ತೂತುಗಳ ಗುಂಪು, ಹರಡಿತು. ಒಂಬತ್ತು ಜಾಸ್ತಿ ಆದವು, ನಡುನಡುವೆ ಎಂಟು. ನಾನು ಅವಳನ್ನೇ ಬೈದೆ. ಫೋನು ಜಾಸ್ತಿ ಆಯಿತು, ಗಮನ ಇಲ್ಲ ಅಂದೆ. ಫೋನ್ ಕಿತ್ತು ಬೀರುವಿನಲ್ಲಿ ಇಟ್ಟೆ. ಅವಳು ಎದುರು ಮಾತಾಡಲಿಲ್ಲ. ಪಿಸ್ತೂಲ್ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಎರಡು ದಿನ ಹೊರಗೆ ತೆಗೆಯಲಿಲ್ಲ.

ಮೂರನೇ ದಿನ ಕಪಾಟು ಒರೆಸುವಾಗ ಹಳೇ ಡಬ್ಬಿ ಕೈಗೆ ಸಿಕ್ಕಿತು. ತಳದ ಚೀಟಿಯಲ್ಲಿ ಪೆಲೆಟ್ಟಿನ ದಪ್ಪ 4.49 ಮಿಮೀ ಅಂತಿತ್ತು. ಹೊಸದರಲ್ಲಿ 4.50. ಲಾಟ್ ನಂಬರ್, ಅಂದರೆ ತಯಾರಾದ ಕಂತಿನ ನಂಬರ್ ಕೂಡ ಬೇರೆ. ನನ್ನ ಎದೆ ಧಸಕ್ ಅಂತು. ದಿನಾ ಮಿಲಿಮೀಟರಿನ ನೂರನೇ ಒಂದು ಭಾಗ ಲೆಕ್ಕ ಹಾಕಿ ಬದುಕುವವನು ನಾನು. ಗಿರಾಕಿಯ ಶಾಫ್ಟು ಅಷ್ಟು ದಪ್ಪ ಬಂದರೆ ಬೇರಿಂಗ್ ಕೂರುವುದಿಲ್ಲ ಅಂತ ಗೊತ್ತು. ಮಗಳ ಪೆಲೆಟ್ ತರುವಾಗ ಚೀಟಿ ಓದಲಿಲ್ಲ.

ಮೈಕ್ರೋಮೀಟರ್‌ಗೆ ಹತ್ತು ಪೆಲೆಟ್ ಹಿಡಿದು ನೋಡಿದೆ. ಸೀಸ ಮೆತ್ತಗೆ, ಹಿಡಿದರೆ ಅಮುಕುತ್ತದೆ. ಆ ಅಳತೆಯನ್ನು ನಂಬುವ ಹಾಗಿಲ್ಲ. ಹಳೇ ಡಬ್ಬಿಯಲ್ಲಿ ಇನ್ನೂ 43 ಪೆಲೆಟ್ ಉಳಿದಿವೆ, ಮುಟ್ಟದೆ ಇಟ್ಟಿದ್ದೇನೆ.

ನನಗೆ ತಿಳಿಯಬೇಕಾಗಿರುವುದು ಇಷ್ಟು. ಪೆಲೆಟ್ ತಪ್ಪೋ, ಪಿಸ್ತೂಲ್ ತಪ್ಪೋ, ಕೈ ತಪ್ಪೋ ಅಂತ ಬೇರೆ ಬೇರೆ ಮಾಡಿ ನೋಡುವುದು ಹೇಗೆ? ಇನ್ನೊಂದು ವಿಷಯ. ಪಂಪ್ ಹೊಡೆದು ಹೊಡೆದು ಸಾಕಾಗುತ್ತದೆ. ನಮ್ಮ ಶಾಪಿನ ಪಕ್ಕದಲ್ಲೇ ಗ್ಯಾಸ್ ವೆಲ್ಡಿಂಗ್‌ನವರು ಇದ್ದಾರೆ. ಅವರ ಆಕ್ಸಿಜನ್ ಸಿಲಿಂಡರ್‌ನಿಂದ ಒಂದು ಅಡಾಪ್ಟರ್ ಮಾಡಿಕೊಂಡು ತುಂಬಬಹುದಾ? ಅಡಾಪ್ಟರ್ ನಾನೇ ಲೇತ್‌ನಲ್ಲಿ ಮಾಡಿಕೊಳ್ಳಬಲ್ಲೆ.


ಶಿಡ್ಲಘಟ್ಟ ರೀಲರ್:

ಅಣ್ಣ, ಬೇರೆಯವರು ಪೆಲೆಟ್ ವಿಷಯ ಬರೆಯುತ್ತಾರೆ. ನಾನು ಕೊನೆಯ ಪ್ರಶ್ನೆಗೆ ಮೊದಲು ಬರುತ್ತೇನೆ. ದಯವಿಟ್ಟು ಆಕ್ಸಿಜನ್ ಹಾಕಬೇಡಿ. ಒಂದು ಸಲವೂ ಬೇಡ, ಟೆಸ್ಟ್ ಮಾಡಲು ಕೂಡ ಬೇಡ.

ವೆಲ್ಡಿಂಗ್‌ನವರು ಆಕ್ಸಿಜನ್ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸುವುದಿಲ್ಲ. ಅವರನ್ನೇ ಕೇಳಿ ನೋಡಿ. ಒತ್ತಡದಲ್ಲಿರುವ ಶುದ್ಧ ಆಕ್ಸಿಜನ್‌ಗೆ ಒಂದು ಚೂರು ಎಣ್ಣೆ ಸಿಕ್ಕಿದರೂ ಕಿಡಿ ಬೇಕಿಲ್ಲ, ತಾನೇ ಹೊತ್ತಿಕೊಳ್ಳಬಹುದು. ಪಿಸ್ತೂಲಿನ ಒಳಗೆ ಓ-ರಿಂಗ್‌ಗಳಿಗೆ, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳಿಗೆ, ಗ್ರೀಸ್ ಇದ್ದೇ ಇರುತ್ತದೆ. ನಿಮ್ಮ ಲೇತ್‌ನಲ್ಲಿ ಮಾಡಿದ ಅಡಾಪ್ಟರ್‌ಗೆ ಕಟಿಂಗ್ ಆಯಿಲ್ ಅಂಟಿರುತ್ತದೆ. ಅದು ನಿಮ್ಮ ಮಗಳ ಮುಖದಿಂದ ಒಂದು ತೋಳು ದೂರದಲ್ಲಿ ಸಿಡಿಯುತ್ತದೆ. "ಗಾಳಿ ಯಾವುದಾದರೇನು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೂಡ ಪ್ರಯೋಜನವಿಲ್ಲ. ಅದರ ಒತ್ತಡ 10 ಬಾರ್ ಆಸುಪಾಸು. ನಿಮಗೆ ಬೇಕಾಗಿರುವುದು 200 ಬಾರ್. ಕೈಪಂಪೇ ಇರಲಿ. ಆದರೆ ಒಂದೇ ಉಸಿರಿಗೆ ಹೊಡೆಯಬೇಡಿ. ಐವತ್ತು ಸಲ ಹೊಡೆದು ಐದು ನಿಮಿಷ ಬಿಡಿ, ಪಂಪ್ ತಣ್ಣಗಾಗಲಿ. ಬಿಸಿ ಆದಷ್ಟೂ ಒಳಗಿನ ಸೀಲು ಬೇಗ ಹೋಗುತ್ತದೆ, ನೀರಿನ ಪಸೆಯೂ ಸಿಲಿಂಡರ್ ಸೇರುತ್ತದೆ. ಮಳೆಗಾಲದಲ್ಲಿ ಇದನ್ನು ಇನ್ನೂ ಜಾಸ್ತಿ ನೋಡಿಕೊಳ್ಳಿ. ರೇಷ್ಮೆ ಕೆಲಸದಲ್ಲಿರುವ ನಮಗೆ ಗಾಳಿಯಲ್ಲಿನ ಪಸೆ ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತು.

ಸೆಕೆಂಡ್ ಹ್ಯಾಂಡ್ ಅಂದಿರಿ ಅಲ್ವಾ? ಎರಡೂ ಸಿಲಿಂಡರ್ ತಿರುಗಿಸಿ ನೋಡಿ. ತಯಾರಾದ ವರ್ಷ ಒತ್ತಿರುತ್ತಾರೆ. ಸಾಮಾನ್ಯವಾಗಿ ಅಲ್ಲಿಂದ 10 ವರ್ಷ ಅಷ್ಟೇ. ಅವಧಿ ಮುಗಿದ ಸಿಲಿಂಡರ್ ಅಂದರೆ ದೊಡ್ಡ ಪಂದ್ಯಗಳಲ್ಲಿ ಒಪ್ಪುವುದಿಲ್ಲ. ಪಂದ್ಯದ ಮಾತು ಬಿಡಿ, ಮನೆಯಲ್ಲೂ ಅದನ್ನು ತುಂಬಬಾರದು.


ಬಂಗಾರಪೇಟೆ ಫಿಟ್ಟರ್:

ನೋಡಿ ತಮ್ಮ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬೇರೆ ಬೇರೆ ಮಾಡಿ ನೋಡಬೇಕು ಅಂದಿರಲ್ಲ, ಅದೇ ಕೆಲಸ. ನಾನು ಕೆಜಿಎಫ್‌ನಲ್ಲಿ ಫಿಟ್ಟರ್ ಆಗಿದ್ದವನು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ಪಂಪ್ ರಿಪೇರಿ ಮಾಡಿಕೊಂಡಿದ್ದೆ. ಈಗ ವಯಸ್ಸಾಯಿತು, ಊರಿನ ಎರಡು ಮೂರು ಹುಡುಗರ ಏರ್ ಗನ್ ನೋಡಿಕೊಡುತ್ತೇನೆ.

ಮೊದಲು ಮಗಳ ಕೈಯಿಂದ ಪಿಸ್ತೂಲ್ ತೆಗೆದುಕೊಂಡು ವೈಸ್‌ಗೆ, ಅಂದರೆ ಟೇಬಲ್ಲಿಗೆ ಬಿಗಿದ ಇಕ್ಕಳಕ್ಕೆ, ಕೊಡಿ. ಮರದ ಹಿಡಿ ಬಿಚ್ಚಿದರೆ ಒಳಗಿನ ಚೌಕಟ್ಟು ಸಿಗುತ್ತದೆ. ಎರಡು ಕಡೆ ಮರದ ತುಂಡು, ಅದರ ಮೇಲೆ ಹಳೇ ಬೆಲ್ಟಿನ ಚರ್ಮ ಇಟ್ಟು ಹಿಡಿಸಿ. ಬ್ಯಾರೆಲ್‌ಗಾಗಲಿ ಸಿಲಿಂಡರ್‌ಗಾಗಲಿ ವೈಸ್ ಸೋಕಬಾರದು. ಟೇಬಲ್ ಭಾರವಾಗಿರಲಿ, ಟ್ರಿಗರ್ ಒತ್ತಿದಾಗ ಅರ್ಧ ನೂಲಿನಷ್ಟೂ ಆಟ ಇರಬಾರದು. ಗುಂಡು ಕಾರ್ಡಿನ ಯಾವ ಮೂಲೆಗೆ ಬೀಳುತ್ತದೆ ಅಂತ ಚಿಂತೆ ಬೇಡ. ಎಲ್ಲಾ ಒಂದೇ ಕಡೆ ಬೀಳುತ್ತವಾ, ಅಷ್ಟು ನೋಡಿ.

ಹಳೇ 43ರಲ್ಲಿ 25 ಖರ್ಚು ಮಾಡಿ. ಮೊದಲ ಐದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪೆಲೆಟ್ ಬದಲಾದ ಮೇಲೆ ಬ್ಯಾರೆಲ್ ಅದಕ್ಕೆ ಹೊಂದಿಕೊಳ್ಳಲು ಕೆಲವು ಶಾಟು ಬೇಕು. ಆಮೇಲೆ ಹತ್ತು ಹತ್ತರ ಎರಡು ಕಾರ್ಡು. ಹೊಸ ಡಬ್ಬಿಯದೂ ಹಾಗೇ. ಮಿಕ್ಕ 18 ಎತ್ತಿಡಿ, ಮುಂದೆ ಯಾವುದಾದರೂ ಹೊಸ ಡಬ್ಬಿ ಹೋಲಿಸಿ ನೋಡಲು ಬೇಕಾಗುತ್ತದೆ.

ಈಗ ಮುಖ್ಯವಾದ ಮಾತು. ಗ್ರೂಪ್ ಎಷ್ಟು ದೊಡ್ಡದು ಅಂತ ಮಾತ್ರ ಅಳೆಯಬೇಡಿ. ಅದರ ಆಕಾರ ನೋಡಿ. ಎತ್ತರ ಬೇರೆ, ಅಗಲ ಬೇರೆ ಬರೆದುಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ಏರ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ಹೋಗುತ್ತದೆ. 10 ಮೀಟರ್ ದಾಟಲು ಸೆಕೆಂಡಿನ ಹದಿನೈದನೇ ಒಂದು ಭಾಗ. ಅಷ್ಟರಲ್ಲಿ ಅದು ಸುಮಾರು 22 ಮಿಮೀ ಕೆಳಗೆ ಇಳಿದಿರುತ್ತದೆ. ಅದೇ ಪೆಲೆಟ್ 140ರಲ್ಲಿ ಹೋದರೆ 25 ಮಿಮೀ ಇಳಿಯುತ್ತದೆ. ಅಂದರೆ ವೇಗ ಒಂದು ಶಾಟಿಗೆ ಒಂದು ಥರ ಬಂದರೆ ಗ್ರೂಪ್ ಮೇಲೆ ಕೆಳಗೆ ಉದ್ದವಾಗುತ್ತದೆ. ಪಕ್ಕಕ್ಕೆ ಹೋಗುವುದಿಲ್ಲ. ಗ್ರೂಪ್ ಎತ್ತರವಾಗಿ ನಿಂತಿದ್ದರೆ ಗಾಳಿಯ ಕಡೆ ಹುಡುಕಿ, ಅಂದರೆ ಗಾಳಿಯ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್, ವಾಲ್ವ್, ಸೀಲು. ಎಲ್ಲಾ ಕಡೆಗೂ ದುಂಡಗೆ ಹರಡಿದ್ದರೆ ಪೆಲೆಟ್ ಈ ಬ್ಯಾರೆಲ್‌ಗೆ ಒಗ್ಗುತ್ತಿಲ್ಲ. ಮೊದಲ ಶಾಟು ಮಾತ್ರ ಮೇಲೆ ಹೋಗಿ ಉಳಿದದ್ದು ಒಂದೇ ಕಡೆ ಇದ್ದರೆ, ಸುಮ್ನೆ ಇಟ್ಟ ಹೊತ್ತಿನಲ್ಲಿ ರೆಗ್ಯುಲೇಟರ್ ಒತ್ತಡ ಮೆಲ್ಲಗೆ ಏರುತ್ತಿದೆ ಅಂತ ಅರ್ಥ.

ಸೀಲ್ ನೋಡಲು ಯಂತ್ರ ಏನೂ ಬೇಕಿಲ್ಲ. ಪೆಲೆಟ್ ಹಾಕಿ ಮುಚ್ಚುವ ಜಾಗದ ಮೇಲೆ ತೆಳು ಟಿಶ್ಯೂ ಕಾಗದದ ಒಂದು ಎಳೆ ಇಡಿ. ಪೆಲೆಟ್ ಹಾಕಿಯೇ ಹೊಡೆಯಿರಿ. ಎಳೆ ಹಾರಿದರೆ ಅಲ್ಲಿಂದ ಗಾಳಿ ಸೋರುತ್ತಿದೆ. ಅಲ್ಲಿರುವ ಚಿಕ್ಕ ಓ-ರಿಂಗ್ ಬದಲಾಯಿಸಿ. ಸಿಲಿಕೋನ್ ಗ್ರೀಸ್ ಕಣ್ಣಿಗೆ ಕಾಣದಷ್ಟು ಸವರಿ, ಬೇರೆ ಎಣ್ಣೆ ಬೇಡ.

ಒಂದು ಘಟನೆ ಹೇಳಬೇಕು. ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಹೊಡೆದ ಗುಂಡಿನ ಖಾಲಿ ಕೇಸ್‌ಗೆ, ಅಂದರೆ ಕೊಳವೆಗೆ, ಮತ್ತೆ ಮದ್ದು ತುಂಬಿ ಗುಂಡು ಮಾಡಿಕೊಳ್ಳುವುದು ಹಲವರ ಹವ್ಯಾಸ. ನಮ್ಮ ದೇಶದಲ್ಲಿ ಹಾಗಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು, ಯಾರೂ ಮನೆಯಲ್ಲಿ ಕೈ ಹಾಕಬೇಡಿ. ನಾನು ಅಲ್ಲಿಗೆ ಹೋದಾಗ ಅವನ ಗ್ಯಾರೇಜಿನಲ್ಲಿ ಕೂತು ಗುಂಡು ತುಂಬುವ ಯಂತ್ರ, ಪ್ರೋಗ್ರೆಸಿವ್ ಪ್ರೆಸ್ ನೋಡಿದೆ. ಐದು ಸ್ಟೇಷನ್. ಕೇಸ್ ಅಳತೆಗೆ ತಂದು ಮದ್ದು ಹೊತ್ತಿಸುವ ಹಳೇ ಕ್ಯಾಪ್ ತೆಗೆದು ಹೊಸದು ಹಾಕುವುದು, ಮದ್ದು ಬೀಳುವುದು, ಮದ್ದಿನ ಮಟ್ಟ ನೋಡುವುದು, ಗುಂಡು ಕೂರಿಸುವುದು, ಬಾಯಿ ಬಿಗಿಸುವುದು. ಹಿಡಿ ಒಂದು ಸಲ ಎಳೆದರೆ ಐದೂ ಕಡೆ ಕೆಲಸ ಒಟ್ಟಿಗೆ ಆಗುತ್ತದೆ. ಪ್ಲೇಟ್ ಒಂದು ಹೆಜ್ಜೆ ತಿರುಗುತ್ತದೆ. ತುಂಬಿದ ಗುಂಡು ಒಂದು ಹೊರಗೆ ಬೀಳುತ್ತದೆ. ಯಂತ್ರ ಅಂದರೆ ಹಾಗಿರಬೇಕು ಅನ್ನಿಸಿತು.

ಆದರೆ ಅವನಿಗೆ ಒಂದು ತಲೆನೋವು ಇತ್ತು. ಒಂದೇ ಕೇಸ್ ಹಾಕಿ, ಒಂದೊಂದೇ ಸ್ಟೇಷನ್ ದಾಟಿಸಿ, ಗುಂಡಿನ ಉದ್ದ ಸರಿಯಾಗಿ ಸೆಟ್ ಮಾಡುತ್ತಿದ್ದ. ಓಡಿಸಲು ಶುರು ಮಾಡಿದರೆ ಉದ್ದ ಬೇರೆ ಬರುತ್ತಿತ್ತು. ಎರಡು ಸಂಜೆ ತಿರುಪು ತಿರುಗಿಸಿದ. ನಾನು ಹೇಳಿದೆ, ಒಂದು ಕೇಸ್ ಇದ್ದಾಗ ಪ್ಲೇಟ್ ಮೇಲೆ ಒಂದೇ ಕಡೆ ಒತ್ತಡ. ಐದೂ ತುಂಬಿದಾಗ ಎಲ್ಲಾ ಕಡೆ ಒತ್ತಡ. ಕಬ್ಬಿಣವೂ ಬಾಗುತ್ತದಪ್ಪ, ಕೂದಲೆಳೆಯಷ್ಟು. ಐದೂ ತುಂಬಿಕೊಂಡು ಸೆಟ್ ಮಾಡು. ಹಾಗೆ ಮಾಡಿದ ಮೇಲೆ ಅಳತೆ ನಿಂತಿತು.

ನಿಮ್ಮ ಪಿಸ್ತೂಲಿಗೂ ಅದೇ ಅನ್ವಯ. ಸಿಲಿಂಡರ್ ಪೂರ್ತಿ ತುಂಬಿದಾಗ ಒಂದು ಕಾರ್ಡು ಹೊಡೆದು ಸರಿ ಇದೆ ಅಂದುಕೊಳ್ಳಬೇಡಿ. ಅವಳು ಹೊಡೆಯುವುದು 60 ಶಾಟು, ಮೇಲೆ ಮೊದಲ ಅಭ್ಯಾಸದ ಶಾಟುಗಳು. ಹಾಗೆಯೇ ಓಡಿಸಿ ನೋಡಿ. ಶುರುವಿನಲ್ಲಿ ಒಂದು ಕಾರ್ಡು, 40 ಶಾಟ್ ಆದ ಮೇಲೆ ಒಂದು ಕಾರ್ಡು, ಹತ್ತು ನಿಮಿಷ ಬಿಟ್ಟು ಒಂದು ಕಾರ್ಡು. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಓ-ರಿಂಗೂ ಪೆಲೆಟ್ಟೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಸರಿ ಹೋಯಿತು ಅಂತ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಗುರಿ ನೋಡುವ ಸೈಟಿನ ಸ್ಕ್ರೂ, ಹಿಡಿಯ ಸ್ಕ್ರೂ ಎಲ್ಲದರ ಮೇಲೂ ಉಗುರಿನ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಟ್ರಿಗರ್ ಜಾರದೆ 500 ಗ್ರಾಂ ತೂಕ ಎತ್ತಬೇಕು, ಅದನ್ನೂ ಒಂದು ಸಲ ತೂಕ ನೇತುಹಾಕಿ ನೋಡಿ.

ಕೊನೆಗೆ ಒಂದು ಲೆಕ್ಕ. ಹತ್ತರ ವೃತ್ತ 11.5 ಮಿಮೀ. ಪೆಲೆಟ್ 4.5. ಗೆರೆ ಸೋಕಿದರೂ ಹತ್ತು. ಅಂದರೆ ಪೆಲೆಟ್ಟಿನ ನಡುಭಾಗ ಕೇಂದ್ರದಿಂದ 8 ಮಿಮೀ ಒಳಗೆ ಬಿದ್ದರೆ ಸಾಕು. ಆಮೇಲೆ ಪ್ರತಿ ರಿಂಗಿಗೂ ಇನ್ನೊಂದು 8 ಮಿಮೀ. ನಿಮ್ಮ ಹೊಸ ಪೆಲೆಟ್ ವೈಸ್‌ನಲ್ಲಿ ಎರಡು ಮೂರು ಮಿಮೀ ಆಚೀಚೆ ಹೋದರೆ ಗೆರೆ ಮೇಲಿನ ಹತ್ತು ಒಂಬತ್ತಾಗುತ್ತದೆ. ಚೆನ್ನಾಗಿ ಹೊಡೆದ ಹತ್ತು ಎಂಟಾಗುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರ್ಡು ಓದಿ.


ಕ್ಯಾತಸಂದ್ರ ಲೇತ್:

ಇಬ್ಬರಿಗೂ ಕೈ ಮುಗಿದೆ. ಒಂದು ವಾರ ಇದೇ ಕೆಲಸ ಮಾಡಿದೆ, ಈಗ ಬರೆಯುತ್ತಿದ್ದೇನೆ.

ಮೊದಲು ಸಿಲಿಂಡರ್. ಒಂದು 2019ರದು. ಇನ್ನೊಂದು 2012ರದು. ನಾವು ಇಷ್ಟು ದಿನ ಜಾಸ್ತಿ ತುಂಬುತ್ತಿದ್ದುದು ಆ 2012ರದನ್ನೇ. ಅದರ ಮೀಟರ್ ಓದಲು ಚೆನ್ನಾಗಿದೆ ಅಂತ ಅವಳು ಅದನ್ನೇ ಹಾಕಿಕೊಳ್ಳುತ್ತಿದ್ದಳು. ನೋಡಿದ ತಕ್ಷಣ ಗಾಳಿ ಪೂರ್ತಿ ಬಿಟ್ಟೆ. ಮಾರನೇ ದಿನ ಶಾಪಿಗೆ ಒಯ್ದು ಡ್ರಿಲ್‌ನಲ್ಲಿ ತೂತು ಹಾಕಿದೆ. ಇನ್ನು ಯಾರ ಕೈಗೆ ಸಿಕ್ಕರೂ ತುಂಬಲು ಆಗುವುದಿಲ್ಲ. ರೀಲರ್ ಅಣ್ಣ, ಆಕ್ಸಿಜನ್ ವಿಷಯ ಪಕ್ಕದ ವೆಲ್ಡಿಂಗ್‌ನವರಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತರು. ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲ ಅಂದರು.

ಹುಡುಗರು ಮನೆಗೆ ಹೋದ ಮೇಲೆ ರಾತ್ರಿ ಶಾಪಿನಲ್ಲೇ ಟೆಸ್ಟ್ ಮಾಡಿದೆ. ಶಟರ್ ಇಳಿಸಿ, ಮನೆಯ ಡಬ್ಬವನ್ನೇ ತಂದು ಗೋಡೆಗೆ ಇಟ್ಟೆ. 6 ಇಂಚಿನ ವೈಸು, ಕೆಳಗೆ ಕಬ್ಬಿಣದ ಟೇಬಲ್ಲು. ಅಳತೆ ಎಲ್ಲಾ ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ.

ಹಳೇ 4.49 ಹತ್ತು ಶಾಟಿಗೆ ಎತ್ತರ 11, ಅಗಲ 8 ಮಿಮೀ. ಹೊಸ 4.50 ಎತ್ತರ 14, ಅಗಲ 12. ಫಿಟ್ಟರ್ ಅಣ್ಣ, ನೀವು ಹೇಳಿದ ಹಾಗೆ ಆಕಾರ ನೋಡಿದ್ದಕ್ಕೆ ಗೊತ್ತಾಯಿತು. ಎರಡೂ ಎತ್ತರವಾಗಿಯೇ ನಿಂತಿವೆ. ಅಂದರೆ ಹೊಸ ಪೆಲೆಟ್ ಬರುವ ಮೊದಲೇ ಗಾಳಿಯ ಕಡೆ ಏನೋ ಆಗಿತ್ತು. ಪೆಲೆಟ್ ತಪ್ಪು ಅಂತ ತೀರ್ಮಾನ ಮಾಡಿ ಡಬ್ಬಿ ಬದಲಾಯಿಸಿದ್ದರೆ ಇದು ಹಾಗೇ ಉಳಿಯುತ್ತಿತ್ತು.

ಟಿಶ್ಯೂ ಇಟ್ಟೆ. ಹಾರಿತು. ಮೂರು ಸಲ ಇಟ್ಟೆ, ಮೂರು ಸಲವೂ ಹಾರಿತು. ಓ-ರಿಂಗ್ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಒಂದು ಕಡೆ ಚಪ್ಪಟೆ, ಪಕ್ಕದಲ್ಲಿ ಉಗುರು ಗೀರಿದ ಹಾಗೆ ಸೀಳು. ಅದೇ ಅಳತೆಯದು ಬೇರಿಂಗ್ ಅಂಗಡಿಯಲ್ಲಿ ಸಿಕ್ಕಿತು, ಚಿಲ್ಲರೆ ದುಡ್ಡು. ಅವತ್ತು ಬೇರೆ ಏನೂ ಮುಟ್ಟಲಿಲ್ಲ. ಭಾನುವಾರ ಕೋಚ್ ಹತ್ತಿರ ವೇಗ ಅಳೆಯುವ ಕ್ರೋನೋಗ್ರಾಫ್ ಇಸ್ಕೊಂಡು ಬಂದೆ. ಹಳೇ ಓ-ರಿಂಗ್ ಎಸೆದಿರಲಿಲ್ಲ, ಅದನ್ನೇ ವಾಪಸ್ ಹಾಕಿ ಅಳೆದೆ. ಸೆಕೆಂಡಿಗೆ 141ರಿಂದ 152 ಮೀಟರ್ ತನಕ ಕುಣಿಯುತ್ತಿತ್ತು. ಹೊಸದು ಹಾಕಿದ ಮೇಲೆ 148ರಿಂದ 151. ಪೂರ್ತಿ ತುಂಬಿದಾಗಲೂ, 40 ಶಾಟ್ ಆದ ಮೇಲೂ, ಹತ್ತು ನಿಮಿಷ ಬಿಟ್ಟು ಹೊಡೆದಾಗಲೂ ಅಷ್ಟೇ.

ಹೊಸ ಓ-ರಿಂಗ್‌ನಲ್ಲಿ ಹಳೇ ಪೆಲೆಟ್ 8ಕ್ಕೆ 8, ಒಂದೇ ತೂತು. ಹೊಸ ಪೆಲೆಟ್ 12ಕ್ಕೆ 11. ಈಗ ಅದು ದುಂಡಗಿದೆ. ಅಂದರೆ 4.50 ನಮ್ಮ ಬ್ಯಾರೆಲ್‌ಗೆ ಒಗ್ಗುವುದಿಲ್ಲ. ಆ ಡಬ್ಬಿಯನ್ನು ಬಿಸಾಡುವುದಿಲ್ಲ, ಬೇರೆ ಯಾರದಾದರೂ ಬ್ಯಾರೆಲ್‌ಗೆ ಅದೇ ಚೆನ್ನಾಗಿ ಹೊಂದಬಹುದು.

ನಾಲ್ಕೂ ಕಾರ್ಡನ್ನು ಮನೆಗೆ ತಂದು ಊಟದ ಹೊತ್ತಿನಲ್ಲಿ ಅವಳ ಮುಂದೆ ಇಟ್ಟೆ. ನಿನ್ನನ್ನು ಬೈದದ್ದು ತಪ್ಪಾಯಿತು ಮಗಳೇ, ಚೀಟಿ ಓದದೆ ತಂದವನು ನಾನು ಅಂದೆ. ಅವಳು ಕಾರ್ಡುಗಳನ್ನು ತುಂಬಾ ಹೊತ್ತು ನೋಡಿದಳು. ನೀವು ಬರೆದದ್ದನ್ನೆಲ್ಲಾ ಅವಳೂ ಓದಿದ್ದಾಳೆ. "ಅಪ್ಪ, ಒಂಬತ್ತು ಪೆಲೆಟ್‌ದು. ಎಂಟು ನಂದೇ," ಅಂದಳು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಅವಳು ಹೇಳಿದ್ದು ಸರಿಯಾಗಿದೆ, ಫಿಟ್ಟರ್ ಅಣ್ಣನ ಲೆಕ್ಕವೂ ಅದನ್ನೇ ಹೇಳುತ್ತದೆ. ಆ ಎಂಟಕ್ಕೆ ಏನು ಮಾಡುವುದು? ಲೇತ್ ವಿದ್ಯೆ ಇಲ್ಲಿಗೆ ಮುಗಿಯಿತು, ಮುಂದಿನದು ನನಗೆ ಗೊತ್ತಿಲ್ಲ.


ಗೌರಿಬಿದನೂರು ಅಮ್ಮ:

ಅಣ್ಣ, ನನ್ನ ಮಗ ಐದು ವರ್ಷದಿಂದ ಪಿಸ್ತೂಲ್ ಹೊಡೆಯುತ್ತಾನೆ. ಬಲಗೈನವನು. ಪ್ರತಿ ದಿನ ಅವನ ಕಾರ್ಡು ಬರೆದಿಡುವವಳು ನಾನು. ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ಎಂಟು ಬಂತು ಅಂತ ಮಾತ್ರ ಬರೆಯಬೇಡಿ. ಎಷ್ಟನೇ ಶಾಟಿಗೆ ಬಂತು, ಯಾವ ಕಡೆಗೆ ಬಂತು ಅಂತ ಬರೆಯಿರಿ. ಬಲಗೈನವರಿಗೆ ಕೆಳಗೆ ಎಡಕ್ಕೆ ಹೋದರೆ ಬಹುತೇಕ ಟ್ರಿಗರ್ ಜಗ್ಗಿದ್ದು. ಬೆರಳು ಒಂದೇ ಸಾಗಬೇಕು. ಅವಸರದಲ್ಲಿ ಇಡೀ ಅಂಗೈ ಬಿಗಿಯಾದರೆ ಹಾಗಾಗುತ್ತದೆ. ನನ್ನ ಮಗನಿಗೆ ಎಂಟು ಬರುತ್ತಿದ್ದುದು 40ರ ಮೇಲೆ. ಸುಸ್ತಾದ ಕೈ ಅಲ್ಲಾಡುತ್ತದೆ. ಅಲ್ಲಾಡುವಾಗ ನಡುವಿಗೆ ಬಂತು ಅನ್ನಿಸಿದ ಕ್ಷಣಕ್ಕೆ ಹಿಡಿದುಬಿಡೋಣ ಅಂತ ಜಗ್ಗುತ್ತಾರೆ. ಅದಕ್ಕೆ ಅವನ ಕೋಚ್ ಹೇಳಿದ್ದು ಒಂದೇ ಮಾತು. ಹತ್ತು ಸೆಕೆಂಡಿನಲ್ಲಿ ಶಾಟ್ ಹೋಗದಿದ್ದರೆ ಕೈ ಇಳಿಸು. ಪಂದ್ಯದಲ್ಲಿ 60 ಶಾಟಿಗೆ 75 ನಿಮಿಷ ಇದೆ. ಕೈ ಇಳಿಸಿ ಮತ್ತೆ ಎತ್ತಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಇಳಿಸುವುದನ್ನೇ ಅಭ್ಯಾಸ ಮಾಡಿಸಿದರು. ಬೇಕಂತಲೇ ಐದಕ್ಕೆ ಒಂದು ಸಲ ಹೊಡೆಯದೆ ಇಳಿಸಬೇಕಿತ್ತು.

ಇನ್ನೊಂದು, ಪೆಲೆಟ್ ಇಲ್ಲದ ಅಭ್ಯಾಸ. ನಿಮ್ಮ ಪಿಸ್ತೂಲಿನಲ್ಲಿ ಗಾಳಿ ಬಿಡದೆ ಟ್ರಿಗರ್ ಮಾತ್ರ ಒತ್ತುವ ವ್ಯವಸ್ಥೆ ಇರಬೇಕು. ಕಾರ್ಡನ್ನು ತಿರುಗಿಸಿ ಬಿಳಿ ಕಡೆ ಹಾಕಿ. ಕಪ್ಪು ಚುಕ್ಕೆಯೇ ಇಲ್ಲ ಅಂದರೆ ಕಣ್ಣು ಸೈಟಿನ ಮೇಲೆ ನಿಲ್ಲುತ್ತದೆ, ಟ್ರಿಗರ್ ಒತ್ತಿದಾಗ ಮುಂದಿನ ಸೈಟ್ ಅಲ್ಲಾಡಿತಾ ಅಂತ ಅವಳಿಗೇ ಕಾಣುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಹತ್ತನೇ ಕ್ಲಾಸು ಅಂದಿರಿ, ಪರೀಕ್ಷೆ ಹತ್ತಿರ ಬಂದಾಗ ಇದೊಂದನ್ನೇ ಮಾಡಿದರೂ ಕೈ ಮರೆಯುವುದಿಲ್ಲ. ಓದುವ ನಡುವೆ ಎದ್ದು ಬಂದು ಮಾಡಬಹುದು.

ಯಾರೂ ಬರೆಯದ ಒಂದು ವಿಷಯ ಹೇಳುತ್ತೇನೆ, ತಾಯಿಯಾಗಿ ಹೇಳಲೇಬೇಕು. ಪೆಲೆಟ್ ಸೀಸ. ಡಬ್ಬದ ಹತ್ತಿರ ಅದರ ಪುಡಿ ಬೀಳುತ್ತದೆ. ನೀವು ಅದನ್ನು ಬಟ್ಟೆ ಒಗೆಯುವ ಜಾಗದಲ್ಲಿ ಇಟ್ಟಿದ್ದೀರಿ. ಅಲ್ಲಿ ಪೊರಕೆ ಹಿಡಿದು ಗುಡಿಸಬೇಡಿ, ಪುಡಿ ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ಒಗೆಯಬೇಡಿ. ಒಣಗಿದ ಬಟ್ಟೆ ಅಲ್ಲಿ ಮಡಚಿಡಬೇಡಿ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಮಕ್ಕಳು ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅದನ್ನು ಖಂಡಿತ ಬಿಡಿಸಿ. ಪುಟ್ಟಿಯಲ್ಲಿ ಸೇರಿದ ಸೀಸವನ್ನು ಕಸದ ಗಾಡಿಗೆ ಹಾಕದೆ ಬೇರೆ ಡಬ್ಬಿಯಲ್ಲಿ ಕೂಡಿಡಿ.

ಫೋನ್ ವಾಪಸ್ ಕೊಟ್ಟಿರಾ ಅಣ್ಣ?


ಕ್ಯಾತಸಂದ್ರ ಲೇತ್:

ಕೊಟ್ಟೆ ಅಕ್ಕ, ಕಾರ್ಡು ತೋರಿಸಿದ ರಾತ್ರಿಯೇ ಕೊಟ್ಟೆ. ಈಗ ಅದರಲ್ಲೇ ತನ್ನ ಕೈಯನ್ನು ವಿಡಿಯೋ ಮಾಡಿಕೊಂಡು ನೋಡುತ್ತಿದ್ದಾಳೆ.

ಸೀಸದ ವಿಷಯ ಓದಿ ನನ್ನ ಹೆಂಡತಿ ಅವತ್ತೇ ಬಟ್ಟೆ ಕಲ್ಲಿನ ಜಾಗ ಖಾಲಿ ಮಾಡಿಸಿದಳು. ಒಗೆಯುವುದು ಈಗ ಮೇಲಿನ ತಾರಸಿಯಲ್ಲಿ. ಡಬ್ಬದ ಕೆಳಗೆ ಅಂಚು ಎತ್ತಿದ ಒಂದು ತಗಡಿನ ತಟ್ಟೆ ಮಾಡಿಟ್ಟಿದ್ದೇನೆ, ಪುಡಿಯೆಲ್ಲಾ ಅದರಲ್ಲೇ ನಿಲ್ಲುತ್ತದೆ.

ನಿನ್ನೆ ಹೊಸ ಓ-ರಿಂಗ್, ಎತ್ತಿಟ್ಟ ಹಳೇ ಪೆಲೆಟ್ ಮುಟ್ಟದೆ, ಕೋಚ್ ಕೊಟ್ಟ ಬೇರೊಂದು 4.49ರಲ್ಲಿ 60 ಹೊಡೆದಳು. 548. ನಾಲ್ಕು ಎಂಟು ಇದ್ದವು. 44, 47, 52 ಮತ್ತು 58ನೇ ಶಾಟು. ನಾಲ್ಕೂ ಕೆಳಗೆ ಎಡಕ್ಕೆ. ನೀವು ಬರೆದದ್ದು ಹಾಗೇ ಕಾಣಿಸಿತು. ಇವತ್ತು ಬೆಳಗ್ಗೆ ಬಿಳಿ ಕಾರ್ಡು ಹಾಕಿಕೊಂಡು ನಿಂತಿದ್ದಳು. ಹಾಲಿನವನು ಬಂದು ಗೇಟ್ ಬಡಿದರೂ ಕೇಳಿಸಿಕೊಳ್ಳಲಿಲ್ಲ. ಒಂದು ಸಲ ಕೈ ಎತ್ತಿದವಳು, ಸ್ವಲ್ಪ ಹೊತ್ತು ನಿಂತು, ಹೊಡೆಯದೆ ಮೆಲ್ಲಗೆ ಇಳಿಸಿದಳು. ಅದನ್ನು ನೋಡಿ ನನಗೆ ಹತ್ತು ಬಂದಷ್ಟೇ ಖುಷಿಯಾಯಿತು.

ಕೋಚ್ ಕೊಟ್ಟ 4.49 ವೈಸ್‌ನಲ್ಲಿ 9ಕ್ಕೆ 9 ಬಂತು. ಚೆನ್ನಾಗಿದೆ, ಆದರೆ ನಮ್ಮ ಹಳೇ ಲಾಟ್ ಅದಕ್ಕಿಂತ ಚೆನ್ನಾಗಿತ್ತು. ಹಳೇ ಡಬ್ಬಿಯ ತಳದ ಚೀಟಿಯ ಫೋಟೋ ಕೆಳಗೆ ಹಾಕಿದ್ದೇನೆ. ಅದೇ ಲಾಟ್ ನಂಬರ್ ಇರುವ ಡಬ್ಬಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಎಷ್ಟಿದ್ದರೂ ತೆಗೆದುಕೊಳ್ಳುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ ಎಲ್ಲಾದರೂ ಸರಿ, ನಾನೇ ಬಂದು ಒಯ್ಯುತ್ತೇನೆ. ಬದಲಿಗೆ 4.50ರ ಡಬ್ಬಿ ಬೇಕಿದ್ದವರಿಗೆ ಅದನ್ನೂ ತರುತ್ತೇನೆ, 500ರಲ್ಲಿ ಸುಮಾರು 200 ಖರ್ಚಾಗಿದೆ.


ಬಂಗಾರಪೇಟೆ ಫಿಟ್ಟರ್:

ಇಲ್ಲಿಯ ಒಬ್ಬ ಹುಡುಗನ ಹತ್ತಿರ ಆ ಬಣ್ಣದ 4.49 ಮೂರು ಡಬ್ಬಿ ನೋಡಿದ ನೆನಪು. ಚೀಟಿ ಓದಿ ನಾಳೆ ಬರೆಯುತ್ತೇನೆ. ಬರುವುದಾದರೆ ನಿಮ್ಮ 4.50 ಡಬ್ಬಿಯನ್ನೂ ತನ್ನಿ. ಅವನ ಪಿಸ್ತೂಲನ್ನು ಒಮ್ಮೆ ವೈಸ್‌ಗೆ ಹಾಕಿ ಎರಡನ್ನೂ ಹೊಡೆದು ನೋಡೋಣ. ಮಗಳನ್ನೂ ಕರೆದುಕೊಂಡು ಬನ್ನಿ.